ಬಣ್ಣದ ಮೇಲೆ ನಿಂತ ಲಾರಿ

ಕಿವುಡಣ್ಣನಿಗೆ ಕಿವಿ ಕೇಳಿಸುವುದಿಲ್ಲ ಎಂದು ಊರಿನ ಅರ್ಧ ಜನ ನಂಬಿದ್ದರು. ಇದನ್ನು ಬರೆಯುತ್ತಿರುವವನೂ ಆ ಅರ್ಧದಲ್ಲೇ ಇದ್ದ. ವೆಲ್ಡಿಂಗ್ ಶೆಡ್ಡಿನ ಮುಂದೆ ನಿಂತು, ತನ್ನ ಮುರಿದ ಗೇಟಿನ ಕಥೆಯನ್ನು ಗಂಟಲು ಹರಿಯುವಂತೆ ಒಂದು ತಿಂಗಳು ಕೂಗಿದ್ದೇ ಕೂಗಿದ್ದು. ಕಿವುಡಣ್ಣ ಯಾವುದೋ ಲಾರಿಯ ಹೊಟ್ಟೆಯಡಿ ಮಲಗಿ, ಕಣ್ಣು ಮುಚ್ಚಿ, ಸಣ್ಣ ಸುತ್ತಿಗೆಯಿಂದ ಟಣ್ ಟಣ್ ಎನಿಸುತ್ತ ಇದ್ದುಬಿಡುತ್ತಿದ್ದ. ಕೊನೆಗೊಂದು ದಿನ ಅಲ್ಲಿಂದಲೇ ದನಿ ಬಂತು.

"ನಿಮ್ ಗೇಟು ಸೋಮವಾರಾನೇ ಆಗಿದೆ. ಗೋಡೆಗೆ ಒರಗಿಸಿಟ್ಟಿದೀನಿ, ತಗೊಂಡು ಹೋಗಿ. ನಿಮ್ ಗಲಾಟೇಲಿ ಕಬ್ಬಿಣ ಏನು ಹೇಳ್ತಿದೆ ಅಂತ ಕೇಳಿಸ್ತಿಲ್ಲ."

ಕಿವಿ ಸರಿಯಾಗಿಯೇ ಇತ್ತು. ಮಾತನ್ನು ಸದ್ದೆಂದು ಲೆಕ್ಕಕ್ಕೆ ಹಿಡಿಯುವ ಅಭ್ಯಾಸವಿರಲಿಲ್ಲ, ಅಷ್ಟೇ. ಹದಿನಾರನೇ ವಯಸ್ಸಿನಲ್ಲಿ ಕೈಗೆ ಬಂದ ಆ ಸುತ್ತಿಗೆಯ ಹಿಡಿ ಐವತ್ತನಾಲ್ಕರ ಹೊತ್ತಿಗೆ ಆರು ಸಲ ಬದಲಾಗಿತ್ತು, ತಲೆ ಮಾತ್ರ ಅದೇ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಟಪ್ ಅನ್ನುತ್ತದೆ. ಟಪ್ ಅಂದ ಕಡೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆಯುತ್ತಿದ್ದ. ಹೆಂಡತಿಯನ್ನು ಕೇಳಿದರೆ ಬೇರೆಯೇ ದೂರು. "ಅಡುಗೆಮನೇಲಿ ಸೌಟು ತಾಗಿದ ಸದ್ದಿಗೆ ಪಾತ್ರೆ ತಳ ತೂತಾಗಿದೆ ಅಂತ ಹೊರಗಿಂದಲೇ ಹೇಳ್ತಾರೆ. ಅದೇ ಪಾತ್ರೆ ಕೆಳಗಿಳಿಸಿಕೊಡಿ ಅಂದ್ರೆ ಕೇಳಿಸಲ್ಲ."

ಇಂಥವನ ಶೆಡ್ಡಿಗೆ ಒಂದು ದಿನ ಅಧ್ಯಕ್ಷರ ಲಾರಿ ಬಂತು.

ಅಧ್ಯಕ್ಷರೆಂದರೆ ಲಾರಿ ಮಾಲೀಕರ ಸಂಘದ ಅಧ್ಯಕ್ಷರು. ಸಂಘದಲ್ಲಿ ಇದ್ದವರು ಹನ್ನೆರಡು ಜನ. ಇವರನ್ನು ಬಿಟ್ಟು ಉಳಿದ ಹನ್ನೊಂದು ಮಂದಿ ಕಾರ್ಯಕಾರಿ ಸಮಿತಿ. ಮನೆಗೆ ಯಾರಾದರೂ ಬಂದರೆ ಅವರ ಹೆಂಡತಿ ಕೂಡ "ಅಧ್ಯಕ್ಷರು ಸ್ನಾನಕ್ಕೆ ಹೋಗಿದಾರೆ" ಎನ್ನುತ್ತಿದ್ದರು. ಆ ವರ್ಷ ಸಂಘವು 'ಮಾದರಿ ವಾಹನ' ಎಂಬ ಬಹುಮಾನವನ್ನು ಹುಟ್ಟುಹಾಕಿತ್ತು. ಆಯ್ಕೆ ಮಾಡುವವರು ಅಧ್ಯಕ್ಷರು. ಬಹಳ ಯೋಚಿಸಿ, ಪಕ್ಷಪಾತಕ್ಕೆ ಎಡೆಕೊಡದೆ, ತಮ್ಮ ಮೂವತ್ತೆರಡು ವರ್ಷದ ಲಾರಿಯನ್ನೇ ಆರಿಸಿದ್ದರು. ಅದು ಅವರ ತಂದೆಯ ಕಾಲದ್ದು, ಉಪ್ಪಿನ ಮೂಟೆ ಹೊತ್ತು ಬದುಕಿದ್ದು. ಪ್ರತಿವರ್ಷ ತಪಾಸಣೆಗೆ ಮುಂಚೆ ಹೊಸ ಬಣ್ಣ ಕಾಣುತ್ತಿತ್ತು. ಮೇಲ್ಮೈಗೆ ದಿನವೂ ನೀರು, ಬಟ್ಟೆ, ಉಪಚಾರ. ಕೆಳಗೆ ಯಾರೂ ಬಗ್ಗಿ ನೋಡಿರಲಿಲ್ಲ. ಬಗ್ಗುವುದು ಅಧ್ಯಕ್ಷರ ಸ್ವಭಾವದಲ್ಲೇ ಇರಲಿಲ್ಲ.

ಲಾರಿ ತಂದು ನಿಲ್ಲಿಸಿದ ಡ್ರೈವರು ಕಿವುಡಣ್ಣನ ತಂಗಿಯ ಗಂಡ.

"ಭಾವ, ಲೋಡ್ ಹಾಕಿದಾಗ ಕ್ಯಾಬಿನ್ ಬಾಗಿಲು ತೆಗೆಯೋಕಾಗಲ್ಲ. ಖಾಲಿ ಇದ್ರೆ ಸರಿ. ಕೀಲಿಗೆ ಎಣ್ಣೆ ಬಿಡು ಅಂದಿದಾರೆ ಅಧ್ಯಕ್ಷರು. ಕೆಳಗೆ ಎಲ್ಲಾದ್ರೂ ತುಕ್ಕು ಕಂಡ್ರೆ ಒಂದು ತಗಡು ಹೊಡೆದು ಕಪ್ಪು ಬಣ್ಣ ಬಳಿದುಬಿಡಬೇಕಂತೆ. ಭಾನುವಾರ ಬಹುಮಾನ, ಸೋಮವಾರ ನಾನು ಲೋಡ್ ತಗೊಂಡು ಘಟ್ಟದ ಇಳಿಜಾರಿಗೆ ಹೋಗ್ಬೇಕು."

ಕಿವುಡಣ್ಣ ಲಾರಿಯಡಿ ತೂರಿದ. ಟಣ್ ಟಣ್ ಟಣ್ ಎಂದು ಹೊರಟ ಸುತ್ತಿಗೆ ಡೀಸೆಲ್ ಟ್ಯಾಂಕಿನ ಹತ್ತಿರ ಬಂದಾಗ ಟಪ್ ಅನ್ನಲಿಲ್ಲ, ಡಬ್ ಎಂದಿತು. ಜೇಬಿನಿಂದ ಅಯಸ್ಕಾಂತ ತೆಗೆದ. ಹಿಂದೊಮ್ಮೆ ಅಧ್ಯಕ್ಷರ ಭಾಷಣದ ರಭಸಕ್ಕೆ ಒಡೆದುಹೋದ ಸಂಘದ ಸ್ಪೀಕರಿನೊಳಗಿನದು ಅದು. ಲಾರಿಯ ಅಡಿಚೌಕಟ್ಟಾದ ಚಾಸಿಗೆ ಹಿಡಿದರೆ ಅಂಟಲಿಲ್ಲ, ಜಾರಿ ಎದೆಯ ಮೇಲೆ ಬಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದ. ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದಿತು. ಅದರಡಿ ಹಸಿರು, ಅದರಡಿ ಮತ್ತೆ ಕಪ್ಪು, ಅದರಡಿ ಗೋಡೆಯ ಬಿರುಕಿಗೆ ಮೆತ್ತುವ ಪುಟ್ಟಿ. ಪುಟ್ಟಿಯ ಹಿಂದೆ ಒಂದು ಮುಷ್ಟಿ ಕೆಂಪು ಪುಡಿ. ಲಾರಿಯ ಇಡೀ ಭಾರ ಹೊರಬೇಕಾದ ತೊಲೆ ಅಲ್ಲಿ ಒಂದು ಮೊಳದುದ್ದಕ್ಕೆ ಇರಲೇ ಇಲ್ಲ. ಇದ್ದದ್ದು ಅದರ ಚಿತ್ರ. ಮೇಲೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಇಲ್ಲಿ ಹುಳುಕಿಗೂ ತಿನ್ನಲು ಏನೂ ಉಳಿದಿರಲಿಲ್ಲ.

"ತಗಡು ಹೊಡೆಯೋಕೆ ಆಚೀಚೆ ಕಬ್ಬಿಣ ಬೇಕು," ಎಂದ ಕಿವುಡಣ್ಣ. "ತುಕ್ಕಿಗೆ ತುಕ್ಕು ಬೆಸೆಯಲ್ಲ. ಟ್ಯಾಂಕ್ ಇಳಿಸಿ, ಕತ್ತರಿಸಿ, ಹೊಸ ತುಂಡು ಕೂರಿಸ್ಬೇಕು. ಒಂಬತ್ತು ದಿನ."

"ಒಂಬತ್ತು ದಿನ ಅಂದ್ರೆ ಅವರು ಬೇರೆ ಡ್ರೈವರ್ ನೋಡ್ಕೋತಾರೆ ಭಾವ. ಸುಮ್ನೆ ಬಡಿದು ಕೊಡು. ಇಷ್ಟು ವರ್ಷ ಬಂದಿದೆ."

ಮಧ್ಯಾಹ್ನ ತಂಗಿ ತನ್ನ ಗಂಡನಿಗೆ ಊಟದ ಡಬ್ಬಿ ತಂದಳು. ಸೀಮೆಸುಣ್ಣದ ಸುತ್ತುಗಳನ್ನು ಎಣಿಸುವಂತೆ ನೋಡಿದಳು. ಅಣ್ಣನ ಬಳಿ ಬಂದು ಒಂದೇ ಮಾತು ಕೇಳಿದಳು.

"ಇಳಿಜಾರು ತಡೆಯುತ್ತಾ ಅಣ್ಣಾ?"

ಕಿವುಡಣ್ಣನಿಗೆ ಇದು ಮೊದಲನೇ ಸಲಕ್ಕೇ ಕೇಳಿಸಿತು. "ಇಲ್ಲ," ಎಂದ.

ಮರುದಿನ ಅಧ್ಯಕ್ಷರು ಇಡೀ ಸಮಿತಿಯೊಂದಿಗೆ ಬಂದರು. ಹನ್ನೊಂದೂ ಮಂದಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅವರು ತಲೆಯಾಡಿಸಿದಾಗ ತಲೆಯಾಡಿಸಲು ಸಿದ್ಧರಾಗಿ ಹಿಂದೆ ನಿಂತರು.

"ಏನಯ್ಯಾ, ನಮ್ಮ ತಂದೆಯವರ ಲಾರಿಗೆ ಬೆನ್ನುಮೂಳೆ ಇಲ್ಲ ಅಂದೆಯಂತೆ?"

"ಮೊಳದುದ್ದ ಇಲ್ಲ. ಬಗ್ಗಿ ನೋಡಿ."

ಅಧ್ಯಕ್ಷರು ಬಗ್ಗಲಿಲ್ಲ. ಬಾನೆಟ್ಟಿನ ಮೇಲೆ ಬೆರಳಾಡಿಸಿ, ಅದರಲ್ಲಿ ತಮ್ಮ ಮುಖ ಕಂಡದ್ದಕ್ಕೆ ಸಂತೋಷಪಟ್ಟರು. "ಇದು ಕೀಲಿನ ತೊಂದರೆ. ವಾಹನ ಕ್ಷೇತ್ರದಲ್ಲಿ ನನ್ನ ಅನುಭವದ ಪ್ರಕಾರ ಬಾಗಿಲಿಗೂ ಚಾಸಿಗೂ ಯಾವ ಸಂಬಂಧವೂ ಇಲ್ಲ." ಹನ್ನೊಂದು ತಲೆ ಆಡಿದವು.

"ಹಾಗಾದ್ರೆ ಹತ್ತಿ ಕೂತ್ಕೊಳಿ," ಎಂದ ಕಿವುಡಣ್ಣ. "ಬಾಗಿಲು ತೆಗೆದು ಹಾಕ್ತಾ ಇರಿ. ನಾವು ಲೋಡ್ ಹಾಕಿಸ್ತೀವಿ."

ಪಕ್ಕದ ಗೋದಾಮಿನ ಹಮಾಲಿಗಳು ಉಪ್ಪಿನ ಮೂಟೆ ಏರಿಸತೊಡಗಿದರು. ಅಧ್ಯಕ್ಷರು ಡ್ರೈವರಿನ ಸೀಟಿನಲ್ಲಿ ಕುಳಿತು ಪ್ರತಿ ಹತ್ತು ಮೂಟೆಗೊಮ್ಮೆ ಬಾಗಿಲು ತೆರೆದು, ಸಮಿತಿಯ ಕಡೆ ಕೈಯೆತ್ತಿ, ಮುಚ್ಚಿದರು. ನಲವತ್ತಕ್ಕೆ ಸಲೀಸಾಗಿ ತೆರೆಯಿತು. ಎಪ್ಪತ್ತಕ್ಕೆ ಭುಜ ಕೊಡಬೇಕಾಯಿತು. ತೊಂಬತ್ತನೆಯ ಮೂಟೆ ಬಿದ್ದಾಗ ಕೆಳಗೆಲ್ಲೋ ಕರ್ರ್ ಎಂದಿತು. ಚಾಸಿ ಬಾಗಿ, ಕ್ಯಾಬಿನ್ನಿನ ಹಿಂದೆ ಅಂಗೈ ತೂರುವಷ್ಟಿದ್ದ ಸಂದು ಬೆರಳು ತೂರದಷ್ಟಾಯಿತು. ಅಧ್ಯಕ್ಷರು ಎಡಬಾಗಿಲು ಗುದ್ದಿದರು, ಬಲಬಾಗಿಲು ಒದ್ದರು. ಎರಡೂ ಜಪ್ಪಯ್ಯ ಅನ್ನಲಿಲ್ಲ.

"ತೆಗೆಯಯ್ಯಾ ಬಾಗಿಲು."

"ಬಾಗಿಲಿಗೂ ಚಾಸಿಗೂ ಸಂಬಂಧ ಇಲ್ಲವಲ್ಲ. ಎಣ್ಣೆ ಬಿಡ್ಲಾ?"

ಕಿಟಕಿಯಿಂದ ಹೊರಬರಲು ಅಧ್ಯಕ್ಷರು ಪ್ರಯತ್ನಿಸಿದರು. ಅವರ ಗೌರವ ಹೊರಬಂತು, ಹೊಟ್ಟೆ ಬರಲಿಲ್ಲ. ಮೂಟೆ ಇಳಿಸಬೇಕೆಂದರೆ ಹಮಾಲಿಗಳು ಊಟಕ್ಕೆ ಹೋಗಿದ್ದರು, ಅವರ ಊಟದ ಹೊತ್ತನ್ನು ಯಾವ ಸಂಘವೂ ಅಲುಗಾಡಿಸುವಂತಿರಲಿಲ್ಲ. ಕಡೆಗೆ ಕಾರ್ಯಕಾರಿ ಸಮಿತಿಯೇ ಕಾರ್ಯಕ್ಕಿಳಿಯಿತು. ಹನ್ನೊಂದು ಬಿಳಿ ಅಂಗಿಗಳು ಒಂದು ಮೂಟೆಗೆ ಮೂವರಂತೆ ಉಪ್ಪು ಇಳಿಸಿದವು. ಐವತ್ತು ಮೂಟೆ ಇಳಿದ ಮೇಲೆ ಬಾಗಿಲು ತಾನಾಗಿ ತೆರೆದುಕೊಂಡಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಅಧ್ಯಕ್ಷರು ಇಳಿದು, "ನಾನೇ ಈ ಪರೀಕ್ಷೆಗೆ ಆದೇಶಿಸಿದ್ದೆ," ಎಂದರು. ಈ ಸಲ ಯಾವ ತಲೆಯೂ ಆಡಲಿಲ್ಲ. ಎಲ್ಲರೂ ಸೊಂಟ ಹಿಡಿದುಕೊಂಡಿದ್ದರು.

ಹನ್ನೊಂದು ಬಾಯಿ ಮುಚ್ಚಿಸುವುದಕ್ಕಿಂತ ಒಂದು ತೊಲೆ ಬದಲಿಸುವುದು ಸುಲಭವೆಂದು ಅಧ್ಯಕ್ಷರಿಗೂ ಹೊಳೆಯಿತು. ಬಹುಮಾನ ಮುಂದಕ್ಕೆ ಹೋಯಿತು. ಡ್ರೈವರೂ ಒಂಬತ್ತು ದಿನ ಶೆಡ್ಡಿನಲ್ಲೇ ಭಾವನ ಜೊತೆ ದುಡಿದ. ಜ್ಯಾಕ್ ಕೊಟ್ಟು ಮಟ್ಟಕ್ಕೆ ಎತ್ತಿದರು, ಟ್ಯಾಂಕ್ ಇಳಿಸಿದರು, ಬೆಳ್ಳಗೆ ಹೊಳೆಯುವ ಕಬ್ಬಿಣ ಸಿಗುವವರೆಗೂ ಉಜ್ಜಿದರು. ಕಿವುಡಣ್ಣ ಹಳೆಯ ತೊಲೆಯನ್ನು ನೇರ ಕತ್ತರಿಸಲಿಲ್ಲ, ಓರೆಯಾಗಿ ಕತ್ತರಿಸಿದ. ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳಬಾರದು. ಹೊಸ ತುಂಡು ಬೆಸೆದು, ಒಳಗಡೆ ಇನ್ನೊಂದು ಪಟ್ಟಿ ಕೊಟ್ಟು ಬೋಲ್ಟು ಬಿಗಿದ. ಕೊನೆಗೆ ಈ ತುದಿಯಿಂದ ಆ ತುದಿಯವರೆಗೆ ಟಣ್ ಟಣ್ ಎಂದು ಬಡಿಯುತ್ತ ಹೋದ. ಎಲ್ಲೂ ಸೀಮೆಸುಣ್ಣ ಬೇಕಾಗಲಿಲ್ಲ. ತಂಗಿ ಡಬ್ಬಿ ಹಿಡಿದು ನಿಂತು ಕೊನೆಯ ಪೆಟ್ಟಿನವರೆಗೂ ಕೇಳಿಸಿಕೊಂಡಳು.

ಹತ್ತನೇ ದಿನ ಅಧ್ಯಕ್ಷರು ಬಂದು ಲಾರಿಗೆ ಎರಡು ಸುತ್ತು ಹಾಕಿದರು. ಹೊರಗಿನಿಂದ ಏನೂ ಬದಲಾಗಿರಲಿಲ್ಲ. ಅವರ ಮುಖ ಸಪ್ಪಗಾಯಿತು.

"ಅಲ್ಲಯ್ಯಾ, ಒಂಬತ್ತು ದಿನ ಮಾಡಿದ್ದೆಲ್ಲ ಅಡಿಯಲ್ಲೇ ಹೋಯ್ತು. ಮೇಲೆ ಏನೂ ಕಾಣಲ್ಲ. ಇದು ರಿಪೇರಿ ಆಗಿದೆ ಅಂತ ನೋಡಿದವರಿಗೆ ಹೇಗಯ್ಯಾ ಗೊತ್ತಾಗ್ಬೇಕು?"

ಕಿವುಡಣ್ಣ ಸುತ್ತಿಗೆ ಒರೆಸಿ ಜೇಬಿಗಿಟ್ಟ.

"ಸಂಜೆ ಡ್ರೈವರ್ ಮನೆಗೆ ಬರ್ತಾನೆ. ಗೊತ್ತಾಗಬೇಕಾದವಳಿಗೆ ಗೊತ್ತಾಗುತ್ತೆ."