ಹಗ್ಗ ಕೊಯ್ಯದ ಅಬ್ದುಲ್ ಸಮದ್

ಅಬ್ದುಲ್ ಸಮದ್ ಕಟ್ಟಿದ ಗಂಟು ಬಿಚ್ಚಬೇಕಾದರೆ ಮತ್ತೆ ಅಬ್ದುಲ್ ಸಮದನೇ ಬರಬೇಕು ಎಂದು ಹೊಸಪೇಟೆ ರಸ್ತೆಯ ಲಾರಿ ಡ್ರೈವರುಗಳು ನಗುತ್ತಿದ್ದರು. ಬಳ್ಳಾರಿಯ ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ದಿನಗಳು ಅವು. ಅದಿರು ತುಂಬಿದ ಲಾರಿಗೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವುದು, ಹರಿದ ತಾಡಪತ್ರಿಯನ್ನು ದಬ್ಬಣ ಹಿಡಿದು ಹೊಲಿಯುವುದು ಸಮದನ ಕಸುಬು. ನಗುವವರು ನಗಲಿ, ಅವನಿಗೇನು? ತನ್ನ ಕೈಯಿಂದ ಹೋದ ಲಾರಿ ಮಂಗಳೂರು ಮುಟ್ಟಿದರೂ ಒಂದು ಗಂಟು ಸಡಿಲವಾಗದು ಎಂಬ ಹೆಮ್ಮೆ ಅವನಿಗೆ.

ಈ ಕೆಲಸ ಕಲಿತದ್ದು ಕುರುಗೋಡಿನಲ್ಲಿ, ಉಚ್ಚಂಗೆಪ್ಪನ ಅಂಗಡಿಯಲ್ಲಿ. ಉಚ್ಚಂಗೆಪ್ಪ ಬಾಯಿಬಡಕ, ಆದರೆ ಕೆಲಸದಲ್ಲಿ ದೇವರಂಥವನು. ಅವನದು ಒಂದೇ ಕಟ್ಟಪ್ಪಣೆ: "ಗಂಟು ಎಷ್ಟರ ಬಿಗಿ ಇರ್ಲಿ, ಕೂತು ಬಿಚ್ಚು. ಹಗ್ಗಕ್ಕ ಕತ್ತಿ ಹಚ್ಚಿದಿ ಅಂದ್ರ ನಾಳಿಂದ ಅಂಗಡಿ ಕಡಿ ತಲಿ ಹಾಕಬ್ಯಾಡ." ಕೊಯ್ದ ಹಗ್ಗ ಮುಂದಿನ ಹೇರಿಗೆ ಸಾಲುವುದಿಲ್ಲ, ಅದಕ್ಕೆ. ಸಮದ್ ಮೂವತ್ತು ವರ್ಷ ಆ ಮಾತು ಮೀರಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಗಳ ಭತ್ತದ ರಾಶಿಗೆ ತಾಡಪತ್ರಿ ಹೊದಿಸಲು ಹೋಗುತ್ತಿದ್ದಾಗಲೇ ಅಲ್ಲಿಯ ಹಮಾಲನೊಬ್ಬನ ಮಗಳು ಮದಾರಬೀಯನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಜನ ಏನೇನೋ ಆಡಿಕೊಂಡರು. ಅವರಿಬ್ಬರು ಮಾತ್ರ ಒಬ್ಬರಿಗೊಬ್ಬರು ಸಾಕು ಎಂಬಂತೆ ಬದುಕಿದರು.

ಅದಿರಿನ ಹುಚ್ಚು ಹಿಡಿದ ಮೇಲೆ ಬಳ್ಳಾರಿಗೆ ಬಂದರು. ಕೌಲ್ ಬಜಾರಿನಲ್ಲಿ ಮನೆ, ಹೊಸಪೇಟೆ ರಸ್ತೆಯಲ್ಲಿ ಕೆಲಸ. ಕೆಂಪು ಧೂಳು ಕುಡಿದು ಕುಡಿದು ಸಮದನಿಗೆ ಉಬ್ಬಸ ಹತ್ತಿತು. ಸೈಕಲ್ ತುಳಿದು ಮನೆಗೆ ಬಂದರೆ ಅರ್ಧ ಗಂಟೆ ಮಾತೇ ಹೊರಡುತ್ತಿರಲಿಲ್ಲ. ಮದಾರಬೀ ನೋಡುವಷ್ಟು ನೋಡಿದಳು. ಒಂದು ದಿನ ತಾನೇ ಮುಂದೆ ನಿಂತು, ಆಗಷ್ಟೇ ಊರಿಗೆ ಬಂದಿದ್ದ ಬ್ಯಾಟರಿ ಸೈಕಲ್ ಕೊಡಿಸಿದಳು. "ಕಾಲು ಆಡಿಸೋದು ಬ್ಯಾಡ, ಉಸಿರು ಉಳಿಸಿಕೊಂಡು ಮನಿಗಿ ಬರ್ರಿ, ಸಾಕು" ಎಂದಳು. ಸಮದ್ ಅದರ ಮೇಲೆ ಕೂತು ಓಣಿ ಸುತ್ತಿ ಬಂದಾಗ ಅವಳು ಬಾಗಿಲಲ್ಲಿ ನಿಂತು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದ್ದಳು.

ಮಳೆಯಲ್ಲಿ ಮಾತ್ರ ಓಡಿಸಬೇಡಿ, ಕರೆಂಟಿನ ಪೆಟ್ಟಿಗೆಯೊಳಗೆ ನೀರು ಹೋದರೆ ಸೈಕಲ್ ನಿಂತುಬಿಡುತ್ತದೆ ಎಂದು ಮಾರಿದವನು ಹೇಳಿ ಕಳಿಸಿದ್ದ. ತಾಡಪತ್ರಿ ಹೊಲಿಯುವವನಿಗೆ ಹೇಳುವ ಮಾತೇ ಅದು? ಸಮದ್ ಒಂದು ಶುಕ್ರವಾರ ಪೂರ್ತಿ ಅದಕ್ಕೇ ಕೂತ. ಸೀಟಿನ ಕೆಳಗಿನ ಪೆಟ್ಟಿಗೆಗೆ ಮೇಣ ಸವರಿದ ಎರಡು ಪದರ ತಾಡಪತ್ರಿ ಹೊದಿಸಿ ಹೊಲಿದ. ಜೋತಾಡುತ್ತಿದ್ದ ವೈರುಗಳನ್ನು ಲಾರಿಯ ಹಗ್ಗ ಎಳೆದಂತೆ ಎಳೆದು, ಚಕ್ರದಿಂದ ಪೆಟ್ಟಿಗೆಯವರೆಗೆ ನೆಟ್ಟಗೆ ಬಿಗಿದ. ಮೇಲೆ ಹುರಿಹಗ್ಗ ಸುತ್ತಿ ಏಳು ಗಂಟು ಹಾಕಿದ. ಮದಾರಬೀ ಕೊಡಗಟ್ಟಲೆ ನೀರು ಸುರಿದು ಪರೀಕ್ಷೆ ಮಾಡಿದಳು. ಒಂದು ಹನಿಯೂ ಒಳಗೆ ಇಳಿಯಲಿಲ್ಲ.

"ಇದನ್ನ ತುಂಗಭದ್ರಾ ಹೊಳಿಯಾಗ ಮುಳುಗಿಸಿದ್ರೂ ಏನೂ ಆಗಂಗಿಲ್ಲ" ಎಂದ ಸಮದ್.

"ಹೂಂ, ಸಾಕು ಇಳೀರಿ ಅಟ್ಟದಿಂದ" ಎಂದು ಅವಳು ನಕ್ಕಳು.

ಆ ಮಳೆಗಾಲದಲ್ಲೇ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಜ್ವರಕ್ಕೂ ಕಷಾಯ ಕುಡಿದು ಮಲಗುತ್ತಿದ್ದ ಹೆಂಗಸು, ಆಸ್ಪತ್ರೆಯ ಮಂಚ ಹತ್ತಿದಾಗಿನಿಂದ ಗಂಡನ ಅಂಗಿಯ ತುದಿ ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಒಳಗೆ ಒಯ್ಯುತ್ತೇವೆ ಎಂದು ನರ್ಸು ಹೇಳಿ ಹೋದಳು. ಹನ್ನೊಂದರ ಹೊತ್ತಿಗೆ ಲಾರಿ ಮಾಲೀಕ ಜಂಬಣ್ಣನ ಫೋನು ಬಂತು. ಮೋಡ ಕಟ್ಟಿದೆ, ಎರಡು ತಾಡಪತ್ರಿ ಹರಿದಿವೆ, ಲಾರಿ ಹೊರಡುವಂತಿಲ್ಲ, ಒಂದು ತಾಸಿನ ಕೆಲಸ ಎಂದು ಗೋಗರೆದ. ಸಮದ್ ಹೆಂಡತಿಯ ಮುಖ ನೋಡಿದ.

"ಹೋಗಿ ಬರ್ರಿ. ಇಲ್ಲಿ ಕೂತು ನನ್ನ ಮುಖ ನೋಡಿ ಏನು ಮಾಡ್ತೀರಿ?" ಎಂದಳು ಮದಾರಬೀ. ಅವನು ಎದ್ದಾಗ ಮತ್ತೆ ಅಂಗಿ ಹಿಡಿದಳು. "ನಾಕಕ್ಕ ಮೊದ್ಲ ಬರ್ರಿ. ನಂಗ ಭಾಳ ಅಂಜಿಕಿ ಆಗೈತ್ರಿ. ನಿಮ್ಮ ಮುಖ ನೋಡದ ನಾ ಒಳಗ ಹೋಗಂಗಿಲ್ಲ."

"ಅಲ್ಲಾನ ಆಣಿ, ಮೂರೂವರಿಗಿ ಇಲ್ಲೇ ಇರ್ತೀನಿ" ಎಂದ ಸಮದ್.

ಒಂದು ತಾಸಿನ ಕೆಲಸ ಮೂರು ತಾಸು ಹಿಡಿಯಿತು. ಆದರೂ ಮೂರಕ್ಕೆ ಹೊರಟ. ಹೊತ್ತು ಬೇಕಾದಷ್ಟಿತ್ತು. ಒಂದು ಮೈಲಿ ಬಂದಿರಬೇಕು, ಮಳೆ ಶುರುವಾಯಿತು. ಬಳ್ಳಾರಿಗೆ ಮಳೆ ಬರುವುದೇ ಅಪರೂಪ, ಅವತ್ತು ಮಾತ್ರ ಸೇಡು ಇಟ್ಟುಕೊಂಡವರಂತೆ ಬಂತು. ಅದಿರಿನ ಮಣ್ಣು ಕರಗಿ ರಸ್ತೆಯ ಮೇಲೆ ಕೆಂಪು ನೀರು ಹರಿಯಿತು. ಸಮದ್ ಹೆದರಲಿಲ್ಲ, ಏಳು ಗಂಟು ಹಾಕಿದವನಲ್ಲವೇ? ಗುಂಡಿಯಲ್ಲಿ ಚಕ್ರ ಇಳಿದು ಎದ್ದಿತು. ಇನ್ನೂ ನೂರು ಮಾರು ಹೋಗಿ ಸೈಕಲ್ ನಿಂತಿತು. ಪೆಡಲು ತುಳಿದರೂ ಚಕ್ರ ಮಿಸುಕಲಿಲ್ಲ.

ಮೇಲಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ಚಕ್ರ ಎರಚಿದ ನೀರು ಕೆಳಗಿನ ವೈರು ಹಿಡಿದು, ಅವನೇ ನೆಟ್ಟಗೆ ಬಿಗಿದ ದಾರಿಯಲ್ಲಿ ಸೀದಾ ಪೆಟ್ಟಿಗೆಯೊಳಗೆ ಹೋಗಿತ್ತು. ವೈರನ್ನು ಒಂದು ಗೇಣು ಜೋತುಬಿಟ್ಟಿದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತಿತ್ತು. ತಾಡಪತ್ರಿಯವನಿಗೆ ಜೋತುಬಿಡುವುದು ಎಲ್ಲಿಂದ ಗೊತ್ತಿರಬೇಕು!

ಆಗಲೇ ಓಣಿಯ ದುರ್ಗೇಶನ ಆಟೋ ಬಂದು ಪಕ್ಕದಲ್ಲಿ ನಿಂತಿತು. "ಚಾಚಾ, ಅದನ್ನ ಅಲ್ಲೇ ಬಿಟ್ಟು ಹತ್ರಿ. ಹತ್ತು ನಿಮಿಷದಾಗ ದವಾಖಾನಿಗಿ ಬಿಡ್ತೀನಿ."

ಹತ್ತಬಾರದಿತ್ತೇ? ಹತ್ತಲಿಲ್ಲ ಈ ಮನುಷ್ಯ. ಅವಳು ಕೊಡಿಸಿದ ಸೈಕಲ್ಲು, ರಸ್ತೆಯಲ್ಲಿ ಹೇಗೆ ಬಿಟ್ಟು ಹೋಗಲಿ ಅಂದುಕೊಂಡ. ಅದಕ್ಕಿಂತ ಹೆಚ್ಚಾಗಿ, ತನ್ನ ಕೈಕೆಲಸ ಸೋತಿದೆ ಎಂದು ನಂಬಲು ಮನಸ್ಸಿರಲಿಲ್ಲ. "ನೀ ನಡಿಯಪ್ಪ, ಎರಡು ನಿಮಿಷ, ಬಿಚ್ಚಿ ಒರೆಸಿದ್ರ ಆತು" ಎಂದು ಕಳಿಸಿಬಿಟ್ಟ.

ನೆಂದ ಹುರಿ ಉಬ್ಬಿ ಕಲ್ಲಾಗಿತ್ತು. ಮೊದಲ ಗಂಟಿಗೇ ಉಗುರು ಕಿತ್ತು ಬಂತು. ಹಲ್ಲು ಹಚ್ಚಿದ. ತಾಡಪತ್ರಿ ಕೊಯ್ಯುವ ಕತ್ತಿ ಚೀಲದಲ್ಲೇ ಇತ್ತು. ಎರಡು ಸಲ ಅದರ ಮೇಲೆ ಕೈ ಹೋಯಿತು, ಎರಡು ಸಲವೂ ಹಿಂದೆ ಬಂತು. ಮೂವತ್ತು ವರ್ಷದ ಕೈ ಅದು, ಅವನ ಮಾತು ಕೇಳಲಿಲ್ಲ. ಒಂದು ಬಿಚ್ಚಿತು, ಇನ್ನೊಂದು ಬಿಚ್ಚಿತು, ಇನ್ನು ಐದೇ, ಇನ್ನು ನಾಲ್ಕೇ ಎಂದು ಕೂತ. ಏಳನೆಯದು ಬಿಚ್ಚಿ ಮುಚ್ಚಳ ತೆಗೆದಾಗ ಒಳಗಿನಿಂದ ಕೆಂಪು ನೀರು ಸುರಿಯಿತು. ಗಡಿಯಾರ ನೋಡಿದ. ನಾಲ್ಕಕ್ಕೆ ಐದು ನಿಮಿಷ. ಯಾ ಅಲ್ಲಾ! ಸೈಕಲ್ಲನ್ನು ಚರಂಡಿಗೆ ತಳ್ಳಿ, ಏದುಸಿರು ಬಿಡುತ್ತ ಓಡಿದ. ಮಳೆಯಲ್ಲಿ ಯಾವ ಆಟೋನೂ ನಿಲ್ಲಲಿಲ್ಲ.

ವಾರ್ಡು ಮುಟ್ಟಿದಾಗ ನಾಲ್ಕೂ ಮುಕ್ಕಾಲು. ಮಂಚ ಖಾಲಿಯಿತ್ತು. ಪಕ್ಕದ ಮಂಚದಲ್ಲಿ ಸೊಸೆಯನ್ನು ನೋಡಿಕೊಳ್ಳುತ್ತಿದ್ದ ಮೋಕ ಹಳ್ಳಿಯ ಊರಮ್ಮ ಎಂಬಾಕೆ ಎದ್ದು ಬಂದಳು. "ಒಯ್ದರಪ್ಪ. ಇನ್ನೊಂದೀಟು ತಡೀರಿ, ನಮ್ಮನಿಯವರು ಬರ್ತಾರ ಅಂತ ನರ್ಸಮ್ಮನ ಕೈ ಹಿಡಕೊಂಡು ಬೇಡಿಕೊಂಡ್ಳು. ಪಾಪ, ಅವರೂ ಕಾಲು ತಾಸು ತಡೆದ್ರು. ಬಾಗ್ಲ ಕಡಿಗೇ ನೋಡಿಕೋತ ಹೋದ್ಳು."

ಆಪರೇಷನ್ ಕೋಣೆಯ ಹೊರಗೆ ಸಮದ್ ನಿಂತೇ ಇದ್ದ. ಬಟ್ಟೆಯಿಂದ ಇಳಿದ ಕೆಂಪು ನೀರು ನೆಲದ ಮೇಲೆ ನಿಂತಿತ್ತು. ಆರು ಗಂಟೆಗೆ ಡಾಕ್ಟರು ಹೊರಬಂದರು. ಮುಖದ ಬಟ್ಟೆ ತೆಗೆದು, ಹೃದಯ ತಡೆದುಕೊಳ್ಳಲಿಲ್ಲ, ತುಂಬಾ ಪ್ರಯತ್ನ ಪಟ್ಟೆವು ಎಂದರು. ಸಮದ್ ಹೂಂ ಎಂದ. ಮತ್ತೊಮ್ಮೆ ಹೂಂ ಎಂದ.

ಊರಮ್ಮ ಕಣ್ಣೊರೆಸಿಕೊಳ್ಳುತ್ತ ಬಂದು ಅವನ ಕೈಗೆ ಒಂದು ಒಣ ಟವೆಲು ಇಟ್ಟಳು.

"ಒಳಗ ಒಯ್ಯುವಾಗ ಕೊಟ್ಟು ಹೋದ್ಳಪ್ಪ. ಮಳ್ಯಾಗ ತೊಯ್ಸಿಕೊಂಡು ಬರ್ತಾರ, ಉಬ್ಬಸ ಐತಿ, ಮೊದ್ಲ ತಲಿ ಒರೆಸಿಕೊಳ್ಳಾಕ ಹೇಳಕ್ಕ ಅಂದ್ಳು. ತಡ ಆತಂತ ಯಾರೂ ಅವರನ್ನ ಬೈಬ್ಯಾಡ್ರಿ ಅಂದ್ಳು."

ಆಗ ಸಮದ್ ಅತ್ತ. ಇಡೀ ಆಸ್ಪತ್ರೆಗೆ ಕೇಳುವಂತೆ ಅತ್ತ. ಟವೆಲನ್ನು ಎದೆಗೆ ಒತ್ತಿಕೊಂಡು, ಮುಚ್ಚಿದ ಆ ಬಾಗಿಲಿಗೆ ಹಣೆ ಹಚ್ಚಿ, "ಬೈಯೇ ಮದಾರಬೀ, ಎದ್ದು ಬಂದು ಒಂದು ಸಲ ಬೈಯಿ" ಎಂದು ಬೇಡಿಕೊಂಡ.