ಮಾವ ತೇಪೆ ಹಾಕಿದ ಸ್ಪೀಕರ್

ಕೇಳದೆ ರಿಪೇರಿಗೆ ಇಳಿಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅರವತ್ತರ ದಶಕದ ಕೊನೆಗೆ ಅಹಮದಾಬಾದಿನಲ್ಲಿ ನಾವು ಗೆಳೆಯರು ರಾಕ್ ಬ್ಯಾಂಡ್ ಕಟ್ಟಿದ್ದೆವು. ನನ್ನದು ಬಾಸ್ ಗಿಟಾರ್. ಡ್ರಮ್ಮಿನ ಅಬ್ಬರದಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಕೊನೆಗೆ ಒಳ್ಳೆಯ ಸ್ಪೀಕರಿನ ಪಕ್ಕಕ್ಕೆ ಒಳಗಿನ ಕಾಗದದ ಪರದೆ ಹರಿದ ಹಳೆಯದೊಂದನ್ನು ಜೋಡಿಸಿದೆ. ಒಳ್ಳೆಯದು ಗುಂಯ್ ಎಂದರೆ ಹರಿದದ್ದು ಗುರ್ ಎನ್ನುತ್ತಿತ್ತು. ಎರಡೂ ಬೆರೆತಾಗ ಬಾಸ್ ಎಲ್ಲವನ್ನೂ ಸೀಳಿಕೊಂಡು ಮುಂದೆ ಬರುತ್ತಿತ್ತು.

ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದರು. ಸಾಮಾನನ್ನು ಹಿಂದಿನ ದಿನವೇ ಸೋದರಮಾವನ ಉಡುಪಿ ಹೋಟೆಲಿನಲ್ಲಿ ಇಟ್ಟಿದ್ದೆ. ಪಂಕ್ತಿಯಲ್ಲಿ ಹರಿದ ಎಲೆ ಕಂಡರೆ ಬದಲಿಸದೆ ಬಡಿಸದ ಮನುಷ್ಯ ಅವರು. ಮರುದಿನ ವೇದಿಕೆಯಲ್ಲಿ ತಂತಿ ಮೀಟಿದರೆ ಗುರ್ ಇಲ್ಲವೇ ಇಲ್ಲ! ಬಗ್ಗಿ ನೋಡಿದೆ. ಸ್ಪೀಕರಿನ ಹರುಕಿಗೆ ಮೈದಾ ಅಂಟಿನ ಅಚ್ಚುಕಟ್ಟಾದ ತೇಪೆ.

"ಯಾರು ಮಾಡಿದ್ದು ಇದು?" ಎಂದು ಕಿರುಚಿದೆ.

"ನಾನೇ ಮಾರಾಯ. ಅಷ್ಟು ಜನರ ಎದುರು ಹರಿದದ್ದು ಇಡ್ಲಿಕ್ಕೆ ಆಗ್ತದಾ?" ಎಂದರು ಮಾವ, ಮೊದಲ ಸಾಲಿನಿಂದ.

ಹಲ್ಲು ಕಚ್ಚಿಕೊಂಡು ನುಡಿಸಿದೆ. ನನ್ನ ಬಾಸ್ ನನಗೇ ಕೇಳಲಿಲ್ಲ. ಮುಗಿದ ಮೇಲೆ ಸಂಘದ ಅಧ್ಯಕ್ಷರು ಬಂದು ನನ್ನ ಬೆನ್ನು ತಟ್ಟಿದರು.

"ಇವತ್ತು ನಿನ್ನ ಗಿಟಾರ್ ಕಿವಿಗೆ ಎಷ್ಟು ಹಿತವಾಗಿತ್ತಪ್ಪ!"