ಹೆಣ ಚೊಲೋ ಐತಿ

ನನ್ನ ಗಂಡ ನನ್ನನ್ನು ಮೊದಲ ಸಲ ನೋಡಿದ್ದು ಮೆಹದಿಪಟ್ಟಣಂ ಹತ್ತಿರದ ಒಂದು ಟಾಕೀಸಿನಲ್ಲಿ, ಮ್ಯಾಟಿನಿ ಶೋಗೆ, ಹೆಣಗಳ ಸಮ್ಮುಖದಲ್ಲಿ. ಗಚ್ಚಿಬೌಲಿಯಲ್ಲಿ ಕಂಪನಿಗಳು ಅಣಬೆಯ ಹಾಗೆ ಏಳುತ್ತಿದ್ದ ವರ್ಷಗಳವು. ಸಾಫ್ಟ್‌ವೇರ್ ಹುಡುಗರು ಹೆಣ್ಣಿನ ಮನೆಗೆ ಹೋಗಿ ಉಪ್ಪಿಟ್ಟು ತಿನ್ನಲು ಒಲ್ಲೆ ಎನ್ನುತ್ತಿದ್ದರು. ಹೊರಗೆ ಭೇಟಿಯಾಗಿ ಮಾತಾಡೋಣ ಎನ್ನುವುದು ಹೊಸ ಶಾಸ್ತ್ರ. ಮಾತಾಡಲೆಂದು ಸಿನಿಮಾಕ್ಕೆ ಕರೆಯಬಾರದು ಎಂಬಷ್ಟು ತಿಳಿವಳಿಕೆ ಇವರಿಗೆ ಇರಲಿಲ್ಲ, ಅಷ್ಟೆ.

ನನ್ನ ತೊಂದರೆ ಬೇರೆಯದು. ನನಗೆ ನಗು ತಡೆಯಲು ಬರುತ್ತಿರಲಿಲ್ಲ. ಬಂದರೆ ಅದು ಸಣ್ಣದಾಗಿ ಬರುವ ಪೈಕಿಯೂ ಅಲ್ಲ. ನಮ್ಮ ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದರು. ನಾನು ನಕ್ಕರೆ ಕ್ವಾರ್ಟರ್ಸಿನ ಗೇಟಿನಲ್ಲಿದ್ದ ವಾಚ್‌ಮನ್ ತಿರುಗಿ ನೋಡುತ್ತಿದ್ದ. ಹಿಂದಿನ ವರ್ಷ ಬೀದರಿನ ಕಡೆಯವರು ನೋಡಲು ಬಂದಿದ್ದಾಗ ವರನ ಸೋದರಮಾವ ಬಿಸಿ ಮಿರ್ಚಿ ಭಜಿ ಕಚ್ಚಿ ಕುಣಿದಾಡಿದರು. ನಾನು ನಕ್ಕೆ. ಎರಡು ದಿನಕ್ಕೆ ಮಧ್ಯಸ್ಥರ ಮೂಲಕ ಉತ್ತರ ಬಂತು: "ಹುಡುಗಿ ಚೊಲೋ ಅದಾಳ್ರಿ. ನಗೂದು ಜರಾ ಜಾಸ್ತಿ." ಅದಾದ ಮೇಲೆ ಇನ್ನೊಂದು ಸಂಬಂಧವೂ ಇದೇ ಮಾತಿಗೆ ಮುರಿಯಿತು. ಆ ಮಾತು ನನಗೆ ಚುಚ್ಚಿತ್ತು. ಮೂಗು ಮೊಂಡು ಎಂದಿದ್ದರೂ ಸಹಿಸುತ್ತಿದ್ದೆನೇನೋ.

ಆವತ್ತು ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟಳು. "ಮೂರು ತಾಸು ಬಾಯಿ ಮುಚ್ಕೊಂಡು ಕುಂದರವಾ. ನಿನ್ನ ಕೈ ಮುಗೀತೀನಿ." ಅವ್ವ ತಾನು ನಗಬೇಕಾದರೂ ಸೆರಗನ್ನು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ, ಹೆಗಲು ಮಾತ್ರ ಅಲುಗಿಸಿ ನಗುವವಳು.

ಕಾವಲಿಗೆ ಮೌಶಿ, ಅಂದರೆ ಅವ್ವನ ತಂಗಿ, ಬಂದಿದ್ದಳು. ಬಂದವಳು ನಮ್ಮಿಬ್ಬರ ನಡುವಿನ ಕುರ್ಚಿಯಲ್ಲೇ ಕೂತಳು. ಇವರು ಪೋಸ್ಟರಿನಲ್ಲಿ ಹೂವಿನ ಕೊಡೆ ಕಂಡು ಪ್ರೇಮಕಥೆ ಇರಬೇಕೆಂದು ಟಿಕೆಟ್ ತೆಗೆಸಿದ್ದರು. ಶುರುವಾದ ಐದನೇ ನಿಮಿಷಕ್ಕೆ ಆ ಕೊಡೆ ಹಿಡಿದುಕೊಂಡೇ ಒಂದು ಹೆಣ ಸಮಾಧಿಯಿಂದ ಎದ್ದು ಬಂತು.

ತೆಲುಗಿಗೆ ಡಬ್ ಮಾಡಿದ ಇಂಗ್ಲಿಷ್ ಸಿನಿಮಾ ಅದು. ಸತ್ತವರೆಲ್ಲ ಎದ್ದು, ಕಳೆದುಹೋದ ಚಪ್ಪಲಿ ಹುಡುಕುತ್ತ ಊರು ತುಂಬ ಅಲೆಯುತ್ತಾರೆ. ಕುದುರೆಯೊಂದು ಸೈಕಲ್ ಹೊಡೆಯುತ್ತದೆ. ಬಾವಿಯೊಳಗಿಂದ ಬ್ಯಾಂಡ್ ಬಾಜಾ ಕೇಳುತ್ತದೆ. ಯಾಕೆ ಎಂದು ಯಾರೂ ಹೇಳುವುದಿಲ್ಲ. ನನಗೆ ಅದೇ ಬಹಳ ಹಿಡಿಸಿತು. ಇಡೀ ವಾರ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಪ್ರತಿಯೊಂದಕ್ಕೂ ಕಾರಣ ಬರೆದು ಸಾಕಾಗಿತ್ತು.

ಮೌಶಿ ಮಾತ್ರ ಕಾರಣ ಕಂಡುಹಿಡಿದಳು. "ಇವಕ್ಕ ಯಾರೂ ಎಡಿ ಹಿಡದಿಲ್ಲ. ಅದಕ್ಕ ಹಸಗೊಂಡು ಅಡ್ಡಾಡಾಕತ್ತಾವ, ಪಾಪ," ಎಂದು ಹೇಳಿ ಚುರುಮುರಿ ಪೊಟ್ಟಣ ಬಿಚ್ಚಿದಳು. ಇವರು ಟೆಸ್ಟಿಂಗ್ ಕೆಲಸದವರು, ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವವರು. ಇಂಟರ್ವಲ್‌ನಲ್ಲಿ ಬೆವರು ಒರೆಸಿಕೊಳ್ಳುತ್ತ, "ಲಾಜಿಕ್ಕೇ ಇಲ್ಲರಿ," ಎಂದರು. ಮೂರು ತಾಸಿನಲ್ಲಿ ನನ್ನ ಜೊತೆ ಆಡಿದ್ದು ಅದೊಂದೇ ಮಾತು. ಉಳಿದ ಹೊತ್ತು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಹೆದರಿಕೆ ಆದರೆ ಇವರು ಕನ್ನಡಕ ತೆಗೆಯುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ನಾನು ಕರವಸ್ತ್ರ ಕಚ್ಚಿಕೊಂಡು ಕೊನೆಯ ದೃಶ್ಯದವರೆಗೂ ತಡೆದೆ. ಆಗ ಕೊಡೆಯ ಹೆಣ ಒಂದು ಮನೆಗೆ ಹೋಗಿ ಚಹಾ ಕುಡಿಯುತ್ತದೆ. ದವಡೆ ಉದುರಿಹೋಗಿದ್ದರಿಂದ ಕುಡಿದ ಚಹಾ ಎಲ್ಲ ಎದೆಯ ಮೇಲೆ ಸೋರಿ ನೆಲಕ್ಕೆ ಬೀಳುತ್ತದೆ. ಹೆಣ ನಾಚಿಕೊಂಡು, ತನ್ನ ಟೈ ಬಿಚ್ಚಿ ನೆಲ ಒರೆಸಿ, "ಕ್ಷಮಿಂಚಂಡಿ" ಎನ್ನುತ್ತದೆ.

ನನ್ನಿಂದ ಆಗಲಿಲ್ಲ. ಮುಂದಿನ ನಾಲ್ಕು ಸಾಲು ತಿರುಗಿ ನೋಡುವ ಹಾಗೆ ನಕ್ಕೆ. ಮೌಶಿ ತೊಡೆ ಚಿವುಟಿದಳು, ಅದಕ್ಕೂ ನಕ್ಕೆ. ದೀಪ ಹತ್ತಿದಾಗ ಇವರ ಮುಖ ನೋಡುವ ಧೈರ್ಯ ಬರಲಿಲ್ಲ. ಮೌಶಿ ಹೇಳಿದಳೆಂದು ಇವರು ನನ್ನ ಫೋನ್ ನಂಬರ್ ಬರೆದುಕೊಂಡು ತಮ್ಮದನ್ನೂ ಕೊಟ್ಟರು, ಕೈ ಮುಗಿದರು, ಹೋದರು. ಈ ಸಲವೂ ಹೋಯಿತು ಎಂದುಕೊಂಡು ಬಸ್ ಹತ್ತಿದೆ. ಕಿಟಕಿಯ ಕಡೆ ಮುಖ ಮಾಡಿ ಸ್ವಲ್ಪ ಅತ್ತೆ ಕೂಡ.

ಬಸ್ಸಿನಲ್ಲಿದ್ದಾಗಲೇ ಫೋನಿಗೆ ಮೆಸೇಜು ಬಂತು. ಇವರದೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: "hena cholo aiti."

ಹೆಣ ಚೊಲೋ ಐತಿ! ಲಾಜಿಕ್ ಇಲ್ಲ ಎಂದವರಿಗೆ ಕೊನೆಗೂ ಆ ಹೆಣ ಹಿಡಿಸಿತಲ್ಲ ಎಂದು ಸಮಾಧಾನವಾಯಿತು. ಸಂಬಂಧ ಹೇಗೂ ಮುರಿದಿದೆ, ಸಿನಿಮಾದ ಬಗ್ಗೆಯಾದರೂ ನಾಲ್ಕು ಮಾತಾಡೋಣ ಎಂದು ಉತ್ತರ ಒತ್ತಿದೆ: "ನನಗೂ ಭಾಳ ಮನಸ್ಸಿಗೆ ಬಂತು. ನಿಮ್ಮ ಮನ್ಯಾಗೂ ಹೇಳ್ರಿ."

ಇವರು ಹೇಳಿದರು. ನಾನು ಮನೆ ಮುಟ್ಟುವಷ್ಟರಲ್ಲಿ ಅವರ ಮನೆಯಿಂದ ಫೋನ್ ಬಂದು, ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದಾರಂತೆ, ನಿಶ್ಚಿತಾರ್ಥ ಯಾವಾಗ ಎಂದು ಕೇಳಿಯಾಗಿತ್ತು. "ಏನ ಮಾಡಿ ಬಂದಿ ನೀ?" ಎಂದು ಅವ್ವ ಬಾಗಿಲಲ್ಲೇ ಹಿಡಿದಳು. ನನಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ನಿಶ್ಚಿತಾರ್ಥದ ದಿನ. ಆ ಮೆಸೇಜು ಇವರ ಅಕ್ಕನಿಗೆ ಹೋಗಬೇಕಾಗಿತ್ತಂತೆ, ತಪ್ಪಿ ನನಗೆ ಬಂದಿತ್ತು; ಅಕ್ಕನೇ ಹೇಳಿದರು. ಆಗಿನ ಫೋನಿನಲ್ಲಿ ಒಂದು n ಬರಬೇಕಾದರೆ ಆರರ ಗುಂಡಿಯನ್ನು ಎರಡು ಸಲ ಒತ್ತಬೇಕು. ನಮ್ಮ ಕಡೆಯ 'ಹೆಣ್ಣ'ಕ್ಕೆ, henna, ಎರಡು n ಬೇಕು, ನಾಲ್ಕು ಸಲ ಒತ್ತಬೇಕು. ಇವರು ಒಂದು n ಉಳಿಸಿ ನನ್ನನ್ನು ಹೆಣ ಮಾಡಿದ್ದರು. ಇಂಥವರು ಊರಿನ ತಪ್ಪೆಲ್ಲ ಹುಡುಕುವ ಟೆಸ್ಟರು.

"ಹಂಗಾರ ನಾ ನಕ್ಕಿದ್ದಕ್ಕ ಏನಂದ್ರು?" ಎಂದು ಅಕ್ಕನನ್ನೇ ಕೇಳಿದೆ. ಅವರು ತಮ್ಮ ಫೋನು ತೆಗೆದು ಇನ್ನೊಂದು ಮೆಸೇಜು ತೋರಿಸಿದರು. ಅದು ಸರಿಯಾದ ಕಡೆಗೇ ಹೋಗಿತ್ತು. "ಸಿನಿಮಾ ನೋಡಿ ನಾ ಭಾಳ ಅಂಜಿದ್ದೆ ಅಕ್ಕಾ. ಆಕಿ ಜೋರ ನಕ್ಕಳು. ಅಂಜಿಕಿ ಹೋತು. ಹೂಂ ಅಂತ ಹೇಳು."

ಫೋನನ್ನು ಅವ್ವನ ಕೈಗೆ ಕೊಟ್ಟು, ಮೊದಲನೆಯದನ್ನೂ ಎರಡನೆಯದನ್ನೂ ಓದಿ ಹೇಳಿದೆ. ಅವ್ವ "ಹೆಣಾ?" ಎಂದಳು. ಸೆರಗು ಬಾಯಿಯ ತನಕ ಹೋಗಿ ಅಲ್ಲೇ ನಿಂತಿತು. ಆಮೇಲೆ ಬೀಗರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. ಇಪ್ಪತ್ತಾರು ವರ್ಷ ಅವಳ ಮಗಳಾಗಿದ್ದೆ; ಆ ಸದ್ದನ್ನು ಆವತ್ತೇ ಮೊದಲು ಕೇಳಿದ್ದು. ಅದು ನನ್ನದೇ ನಗು.